ಕಲೆ ಯಾವುದೆಂದು ಮೊದಲು ಕೇಳಿ
(ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ಮಾಡಿದ ಭಾಷಣ)



ಬಟ್ಟೆಗೆ ಹತ್ತಿದ ಕಲೆಯನ್ನು ಮನೆಯಲ್ಲಿರುವ ವಸ್ತುಗಳಿಂದಲೇ ತೆಗೆಯುವುದು ಹೇಗೆ ಎಂಬುದು ಇಂದು ನನಗೆ ಕೊಟ್ಟಿರುವ ವಿಷಯ. ಉರ್ದು, ಕನ್ನಡ ಕಲಿಸುವವಳಿಗೆ ಸೋಪಿನ ವಿಷಯ ಯಾಕೆ ಎಂದು ನೀವು ಕೇಳಬಹುದು. ಕನ್ನಡದಲ್ಲಿ 'ಕಲೆ' ಎಂದರೆ ಬಟ್ಟೆಯ ಮೇಲಿನ ಗುರುತೂ ಹೌದು, ಚಿತ್ರ, ಸಂಗೀತವೂ ಹೌದು. ಉರ್ದುವಿನಲ್ಲಿ ನಾವು ಕಲೆಗೆ 'ದಾಗ್' ಎನ್ನುತ್ತೇವೆ. 1831ರಲ್ಲಿ ಹುಟ್ಟಿ 1905ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡ ಪ್ರಸಿದ್ಧ ಗಜಲ್ ಕವಿ ಈ ಪದವನ್ನೇ ಕಾವ್ಯನಾಮವಾಗಿ ಇಟ್ಟುಕೊಂಡು ದಾಗ್ ದೆಹಲವಿ ಎನಿಸಿಕೊಂಡರು. ಕವಿಗೆ ದಾಗ್ ಕೀರ್ತಿ ತಂದಿತು. ಆದರೆ ಶಾಲೆಗೆ ಬರುವ ಮಗುವಿನ ಬಿಳಿ ಅಂಗಿಯ ಮೇಲೆ ಬಿದ್ದ ದಾಗ್ ಆ ಮಗು ತಲೆ ತಗ್ಗಿಸುವಂತೆ ಮಾಡುತ್ತದೆ.

ಈ ಮಾತನ್ನು ಹಗುರವಾಗಿ ಹೇಳುತ್ತಿಲ್ಲ. ನಮ್ಮ ಅನೇಕ ಮಕ್ಕಳಿಗೆ ಇರುವುದು ಒಂದೋ ಎರಡೋ ಜೊತೆ ಸಮವಸ್ತ್ರ. ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ಚೂಡಿದಾರ ತಂಗಿಗೆ ಬರುತ್ತದೆ. ಅಂಗಿ ತುಂಬ ಶಾಯಿಯಾದ ಹುಡುಗ ಕಪ್ಪು ಹಲಗೆಯ ಬಳಿ ಬರಲು ಹಿಂಜರಿಯುತ್ತಾನೆ. ಕಲೆ ಹೋಗದ ಲಂಗ ತೊಡಲಾರದೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಒಂದು ಕಲೆ ಒಂದು ದಿನದ ಪಾಠವನ್ನು ಕಳೆಯುತ್ತದೆ. ಅದನ್ನು ಉಳಿಸಲು ಬೇಕಾದದ್ದು ದುಬಾರಿ ಪುಡಿಯಲ್ಲ, ಸ್ವಲ್ಪ ತಿಳಿವಳಿಕೆ.

ವೈದ್ಯರು ಕಾಯಿಲೆ ಯಾವುದೆಂದು ತಿಳಿಯದೆ ಔಷಧಿ ಬರೆಯುವುದಿಲ್ಲ. ನಾವು ಮಾತ್ರ ಯಾವ ಕಲೆ ಕಂಡರೂ ಒಂದೇ ಮದ್ದು ಮಾಡುತ್ತೇವೆ. ಬಿಸಿನೀರು ಸುರಿಯುತ್ತೇವೆ, ಸೋಪು ಹಚ್ಚಿ ಬ್ರಷ್ಷಿನಿಂದ ಗಸಗಸ ಉಜ್ಜುತ್ತೇವೆ, ಹೋಗದಿದ್ದರೆ ಬ್ಲೀಚ್ ಹಾಕುತ್ತೇವೆ. ಹೀಗೆ ಸುಲಭವಾಗಿ ಹೋಗಬಹುದಾದ ಎಷ್ಟೋ ಕಲೆಗಳನ್ನು ನಾವೇ ಗಟ್ಟಿ ಮಾಡಿ ಕೂರಿಸುತ್ತೇವೆ. ಆದ್ದರಿಂದ ಕಲೆ ಯಾವ ಜಾತಿಯದು ಎಂದು ಮೊದಲು ನೋಡೋಣ. ಮನೆಯಲ್ಲಿ ಆಗುವ ಕಲೆಗಳನ್ನು ಮುಖ್ಯವಾಗಿ ನಾಲ್ಕು ಗುಂಪು ಮಾಡಬಹುದು.

1. ರಕ್ತ, ಹಾಲು, ಮೊಟ್ಟೆ

ಇವುಗಳಲ್ಲಿ ಇರುವುದು ಪ್ರೋಟೀನ್. ಹಸಿ ಮೊಟ್ಟೆಯ ಬಿಳಿಭಾಗ ಕೈಗೆ ಹತ್ತಿದರೆ ತಣ್ಣೀರಿಗೆ ಹೋಗುತ್ತದೆ. ಅದೇ ಮೊಟ್ಟೆ ಬೆಂದು ಪಾತ್ರೆಗೆ ಹಿಡಿದರೆ ಕೆರೆದು ತೆಗೆಯಬೇಕು. ಬಟ್ಟೆಯ ಮೇಲಿನ ರಕ್ತಕ್ಕೆ ಬಿಸಿನೀರು ಹಾಕಿದಾಗಲೂ ಆಗುವುದು ಇದೇ. ಪ್ರೋಟೀನ್ ಬೆಂದು ನೂಲಿನಲ್ಲಿ ಕೂತುಬಿಡುತ್ತದೆ. ಆದ್ದರಿಂದ ಈ ಗುಂಪಿಗೆ ತಣ್ಣೀರೇ ಮದ್ದು.

ಇಲ್ಲಿ ತಾಯಂದಿರೂ ಹೆಣ್ಣುಮಕ್ಕಳೂ ಇರುವುದರಿಂದ ಬಿಡಿಸಿಯೇ ಹೇಳುತ್ತೇನೆ. ಮುಟ್ಟಿನ ದಿನಗಳಲ್ಲಿ ಆದ ಕಲೆಗೂ ಇದೇ ಕ್ರಮ. ಬಟ್ಟೆಯನ್ನು ಹಿಂಬದಿ ಮಾಡಿ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಿರಿ. ಕಲೆ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಆಮೇಲೆ ಉಪ್ಪು ಹಾಕಿದ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ ಸೋಪಿನಿಂದ ಒಗೆಯಿರಿ. ಒಣಗಿದ ಕಲೆಯಾದರೆ ರಾತ್ರಿಯಿಡೀ ನೆನೆಯಲಿ. ಬಿಳಿ ಹತ್ತಿ ಬಟ್ಟೆಯಲ್ಲಿ ಇನ್ನೂ ಗುರುತು ಉಳಿದರೆ ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡನ್ನು ಕೆಲವು ಹನಿ ಹಾಕಿ; ನೊರೆ ಬಂದು ಕಲೆ ಬಿಡುತ್ತದೆ. ಬಣ್ಣದ ಬಟ್ಟೆಗೆ ಇದನ್ನು ಹಾಕಿದರೆ ಬಣ್ಣವೂ ಹೋಗಬಹುದು, ಎಚ್ಚರ. ಈ ಕಲೆ ಯಾವ ಹುಡುಗಿಯ ತಪ್ಪೂ ಅಲ್ಲ. ತೊಳೆಯಲು ಒಂದು ಬಕೆಟ್ ತಣ್ಣೀರು ಸಾಕು. ಶಾಲೆ ಬಿಡುವಷ್ಟು ದೊಡ್ಡ ವಿಷಯ ಇದಲ್ಲ.

ಈಗ ಅನೇಕ ಸೋಪಿನ ಪುಡಿಗಳ ಪೊಟ್ಟಣದ ಮೇಲೆ 'ಎನ್‌ಝೈಮ್' ಎಂದು ಬರೆದಿರುತ್ತದೆ. ನಮ್ಮ ಹೊಟ್ಟೆಯಲ್ಲಿ ಆಹಾರ ಕರಗಿಸುವಂಥ ಪದಾರ್ಥವೇ ಅದು. ಅದನ್ನು ಬಟ್ಟೆ ಒಗೆಯಲು ಬಳಸುವ ಕ್ರಮಕ್ಕೆ ಜರ್ಮನಿಯ ಓಟ್ಟೋ ರೋಮ್ ಎಂಬ ರಸಾಯನ ವಿಜ್ಞಾನಿ 1913ರಲ್ಲೇ ಪೇಟೆಂಟ್ ಪಡೆದಿದ್ದರು. ಪ್ರೋಟೀನ್ ಕಲೆಗೆ ಅಂಥ ಪುಡಿ ಒಳ್ಳೆಯದು. ಆದರೆ ರೇಷ್ಮೆ ಮತ್ತು ಉಣ್ಣೆ ಕೂಡ ಪ್ರೋಟೀನಿನಿಂದಲೇ ಆದವು. ಕಲೆಯನ್ನು ತಿನ್ನುವ ಪುಡಿ ಸೀರೆಯನ್ನೂ ತಿನ್ನಬಹುದು. ರೇಷ್ಮೆಗೆ ನಮ್ಮ ಅಜ್ಜಿಯರು ಬಳಸುತ್ತಿದ್ದ ಅಂಟುವಾಳದ ನೊರೆಯೇ ಮೇಲು.

2. ಒಗರಿನ ಕಲೆಗಳು

ಎರಡನೆಯ ಗುಂಪನ್ನು ನಾಲಿಗೆಯಿಂದಲೇ ಗುರುತಿಸಬಹುದು. ತಿಂದಾಗ ಯಾವುದು ಒಗರೋ ಅದು ಬಟ್ಟೆಗೆ ಬಿದ್ದರೆ ಕಂದು ಕಲೆಯಾಗುತ್ತದೆ. ಚಹಾ, ದಾಳಿಂಬೆ ಸಿಪ್ಪೆ, ಬಾಳೆಯ ಹೂವು ಮತ್ತು ದಿಂಡು, ಗೇರುಹಣ್ಣು, ಅಡಿಕೆ ಎಲ್ಲವೂ ಈ ಗುಂಪಿನವೇ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದಾಗ ಸಿಗುವ ಚೊಗರನ್ನು ನೀವು ನೋಡಿರಬಹುದು. ಅದರಲ್ಲಿರುವ ಮುಖ್ಯ ಅಂಶವನ್ನು ವಿಜ್ಞಾನದಲ್ಲಿ ಟ್ಯಾನಿನ್ ಎನ್ನುತ್ತಾರೆ. ಬಾಳೆಯ ರಸ ಬಿದ್ದಾಗ ಏನೂ ಕಾಣುವುದಿಲ್ಲ. ಗಾಳಿ ತಾಗಿದಂತೆ ಕಪ್ಪಾಗುತ್ತದೆ. ಆಮೇಲೆ ಅದನ್ನು ತೆಗೆಯುವುದು ಬಹಳ ಕಷ್ಟ. ಆದ್ದರಿಂದ ಬಾಳೆದಿಂಡು ಹೆಚ್ಚುವಾಗ ಹನಿ ಬಿದ್ದರೆ ಕಾಣದಿದ್ದರೂ ಕೂಡಲೇ ತೊಳೆಯಿರಿ.

ಟ್ಯಾನಿನ್ ಕಬ್ಬಿಣ ಸೇರಿದರೆ ಕಡುಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿ ಮತ್ತು ಕಬ್ಬಿಣದ ಉಪ್ಪನ್ನು ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದು ಇದೇ ಗುಣದಿಂದ. ಆದ್ದರಿಂದ ಚಹಾ ಅಥವಾ ಅಡಿಕೆಯ ಕಲೆಯಾದ ಬಟ್ಟೆಯನ್ನು ತುಕ್ಕು ಹಿಡಿದ ಕಬ್ಬಿಣದ ಬಕೆಟ್ಟಿನಲ್ಲಿ ನೆನೆಸಬೇಡಿ.

ಈ ಕಲೆಗೆ ಬಾರ್ ಸೋಪು ಉಜ್ಜಿದರೆ ಅದು ಇನ್ನೂ ಗಟ್ಟಿಯಾಗುವುದುಂಟು. ಮೊದಲು ತಣ್ಣೀರು, ಆಮೇಲೆ ನಿಂಬೆರಸ ಅಥವಾ ವಿನೆಗರ್, ಹತ್ತು ನಿಮಿಷ ಬಿಟ್ಟು ಡಿಟರ್ಜೆಂಟ್ ಪುಡಿಯ ನೀರು. ಇದು ಕ್ರಮ. ಹಾಲು ಹಾಕದ ಚಹಾ ಬಿಳಿ ಹತ್ತಿ ಬಟ್ಟೆಗೆ ಬಿದ್ದಿದ್ದರೆ ಬಟ್ಟೆಯನ್ನು ಪಾತ್ರೆಯ ಬಾಯಿಗೆ ಬಿಗಿಯಾಗಿ ಕಟ್ಟಿ ಮೇಲಿನಿಂದ ಕುದಿಯುವ ನೀರು ಸುರಿಯಬಹುದು. ಈ ಕೆಲಸ ದೊಡ್ಡವರೇ ಮಾಡಬೇಕು. ಹಾಲು ಹಾಕಿದ ಚಹಾ ಆದರೆ ಅದರಲ್ಲಿ ಪ್ರೋಟೀನೂ ಇದೆ, ಬಿಸಿನೀರು ಬೇಡ.

3. ಎಣ್ಣೆ ಮತ್ತು ಮಸಾಲೆ

ಮದುವೆಯ ಊಟಕ್ಕೆ ಹೋಗಿ ಬಿಳಿ ಅಂಗಿಯ ಮೇಲೆ ಬಿರಿಯಾನಿಯದೋ ಸಾಲನ್ನಿನದೋ ಗುರುತು ಇಲ್ಲದೆ ಬಂದವರು ಕಡಿಮೆ. ಎಣ್ಣೆ ಬಿದ್ದ ಕೂಡಲೇ ನೀರು ಹಚ್ಚಿ ಉಜ್ಜಬೇಡಿ. ಒಣ ಕಾಗದದಿಂದ ಒತ್ತಿ, ಅದರ ಮೇಲೆ ಮುಖದ ಪೌಡರ್ ಇಲ್ಲವೇ ಮೈದಾಹಿಟ್ಟು ಉದುರಿಸಿ. ಕಾಲು ಗಂಟೆಯಲ್ಲಿ ಹಿಟ್ಟು ಎಣ್ಣೆಯನ್ನು ಹೀರುತ್ತದೆ. ಅದನ್ನು ಕೊಡವಿ ಪಾತ್ರೆ ತೊಳೆಯುವ ದ್ರವ ಹಚ್ಚಿ. ಪಾತ್ರೆಯ ಜಿಡ್ಡು ತೆಗೆಯುವುದು ಬಟ್ಟೆಯ ಜಿಡ್ಡನ್ನೂ ತೆಗೆಯುತ್ತದೆ. ಹಲಸಿನ ಮೇಣವಾದರೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಮೇಣ ಸಡಿಲಿಸಿ, ಆಮೇಲೆ ಇದೇ ಕ್ರಮ ಮಾಡಿ.

ಎಣ್ಣೆ ಹೋದ ಮೇಲೆ ಅರಿಶಿನ ಉಳಿಯುತ್ತದೆ. ಸೋಪು ಹಾಕಿದಾಗ ಹಳದಿ ಕಲೆ ಕೆಂಪಾಗುವುದನ್ನು ಕಂಡು ಬಟ್ಟೆ ಹಾಳಾಯಿತೆಂದು ಅನೇಕರು ಗಾಬರಿಯಾಗುತ್ತಾರೆ. ಓಕುಳಿ ನೀರಿನಲ್ಲಿ ಅರಿಶಿನಕ್ಕೆ ಸುಣ್ಣ ಸೇರಿ ಕೆಂಪಾಗುವುದನ್ನು ನೆನಪಿಸಿಕೊಳ್ಳಿ. ಸುಣ್ಣದಂತೆ ಸೋಪೂ ಕ್ಷಾರ. ನಿಂಬೆರಸ ಹಿಂಡಿದರೆ ಪುನಃ ಹಳದಿಯಾಗುತ್ತದೆ. ಹೈಸ್ಕೂಲಿನ ಮಕ್ಕಳು ಅರಿಶಿನದ ಕಾಗದದಿಂದ ಆಮ್ಲ, ಪ್ರತ್ಯಾಮ್ಲ ಪರೀಕ್ಷಿಸುವುದೂ ಇದನ್ನೇ. ಅರಿಶಿನದ ಬಣ್ಣಕ್ಕೆ ನೀರಿನಲ್ಲಿ ಕರಗುವುದು ತಿಳಿಯದು, ಬಿಸಿಲನ್ನು ತಡೆಯುವುದೂ ತಿಳಿಯದು. ಒಗೆದ ಬಟ್ಟೆಯನ್ನು ಒದ್ದೆಯಾಗಿಯೇ ಒಳ್ಳೆಯ ಬಿಸಿಲಿಗೆ ಹರಡಿ. ಎರಡು ಮೂರು ದಿನದ ಬಿಸಿಲಿನಲ್ಲಿ ಹಳದಿ ತಾನೇ ಮಾಸುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

4. ಶಾಯಿ, ಮೆಹಂದಿ, ತುಕ್ಕು

ಬಾಲ್‌ಪೆನ್ನಿನ ಶಾಯಿ ನೀರಿಗೆ ಹೋಗುವುದಿಲ್ಲ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. 2020ರ ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಸ್ಯಾನಿಟೈಸರ್ ಕೂಡ ಆಗುತ್ತದೆ. ಕಲೆಯ ಕೆಳಗೆ ಹಳೆಯ ಬಟ್ಟೆ ಮಡಿಸಿ ಇಡಿ. ಹತ್ತಿಯಲ್ಲಿ ಸ್ಪಿರಿಟ್ ತೆಗೆದುಕೊಂಡು ಕಲೆಯ ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ, ಉಜ್ಜಬೇಡಿ. ಶಾಯಿ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಸ್ಪಿರಿಟ್ ಬೇಗ ಬೆಂಕಿ ಹಿಡಿಯುವ ವಸ್ತು, ಒಲೆಯ ಹತ್ತಿರ ಈ ಕೆಲಸ ಬೇಡ. ಇಂಕ್ ಪೆನ್ನಿನ ಶಾಯಿ ನೀರಿನದು. ಹಸಿ ಇರುವಾಗಲೇ ತಣ್ಣೀರಿನಲ್ಲಿ ಮತ್ತೆ ಮತ್ತೆ ಅದ್ದಿ ತೆಗೆದರೆ ಬಹುಪಾಲು ಹೋಗುತ್ತದೆ.

ಮೆಹಂದಿಯ ಬಣ್ಣ ಚರ್ಮ, ಕೂದಲು, ರೇಷ್ಮೆ, ಉಣ್ಣೆಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಹೊಸ ಬಟ್ಟೆಗೆ ತಾಗಿದರೆ ಒಣಗಲು ಬಿಡದೆ ಚಮಚದಿಂದ ಮೇಲೆತ್ತಿ ತಣ್ಣೀರಿನಲ್ಲಿ ತೊಳೆಯಿರಿ. ಬೆಳಿಗ್ಗೆ ನೋಡೋಣ ಎಂದರೆ ತಡವಾಗುತ್ತದೆ.

ತುಕ್ಕಿನ ಕಲೆಗೆ ನಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿಗೆ ಇಟ್ಟು ಆಮೇಲೆ ಚೆನ್ನಾಗಿ ತೊಳೆಯಿರಿ. ನಿಂಬೆಯ ಹುಳಿ ಕಬ್ಬಿಣವನ್ನು ಹಿಡಿದು ನೀರಿಗೆ ತರುತ್ತದೆ. ತುಕ್ಕಿಗೆ ಬ್ಲೀಚ್ ಹಾಕಬಾರದು, ಕಲೆ ಇನ್ನೂ ಹೆಚ್ಚುತ್ತದೆ.

ಜೀವಕ್ಕೆ ಅಪಾಯವಾಗುವ ತಪ್ಪು

ಈಗ ಬಟ್ಟೆಗಿಂತ ದೊಡ್ಡ ಮಾತು. ಎರಡು ಮದ್ದು ಸೇರಿಸಿದರೆ ಎರಡರಷ್ಟು ಶಕ್ತಿ ಎಂಬ ನಂಬಿಕೆ ನಮ್ಮಲ್ಲಿದೆ. ಅಡುಗೆ ಸೋಡಾ ಮತ್ತು ವಿನೆಗರ್ ಸೇರಿಸಿದರೆ ಬುರುಬುರು ನೊರೆ ಬರುತ್ತದೆ ನಿಜ. ಆದರೆ ಆಮ್ಲವೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡು ಎರಡೂ ದುರ್ಬಲವಾಗುತ್ತವೆ. ಅಲ್ಲಿ ನಷ್ಟ ಮಾತ್ರ, ಅಪಾಯವಿಲ್ಲ. ಬ್ಲೀಚ್ ದ್ರವ ಅಥವಾ ಬ್ಲೀಚಿಂಗ್ ಪುಡಿಗೆ ವಿನೆಗರ್, ನಿಂಬೆರಸ, ಕಕ್ಕಸು ತೊಳೆಯುವ ಆಸಿಡ್ ಸೇರಿಸಿದರೆ ಮಾತ್ರ ಕ್ಲೋರಿನ್ ಎಂಬ ವಿಷಾನಿಲ ಬರುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲವೇ ಅದು. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಉಸಿರು ಕಟ್ಟಿಸುತ್ತದೆ. ಅಮೋನಿಯಾ ಇರುವ ವಸ್ತುವನ್ನೂ ಬ್ಲೀಚಿಗೆ ಸೇರಿಸಬಾರದು. ಒಂದು ಮದ್ದು ಹಾಕಿ ಫಲ ಬರದಿದ್ದರೆ ಬಟ್ಟೆಯನ್ನು ನೀರಿನಲ್ಲಿ ಪೂರ್ತಿ ಜಾಲಾಡಿದ ಮೇಲೆಯೇ ಇನ್ನೊಂದನ್ನು ಮುಟ್ಟಿ. ಗ್ರೀಸ್ ತೆಗೆಯಲೆಂದು ಪೆಟ್ರೋಲ್, ಸೀಮೆಎಣ್ಣೆಗಳನ್ನು ಮನೆಯೊಳಗೆ ತರಬೇಡಿ. ಇವನ್ನೆಲ್ಲ ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ತುಂಬಿಡಬೇಡಿ, ಮಗು ಕುಡಿದೀತು.

ಇನ್ನು ಎಲ್ಲ ಕಲೆಗೂ ಅನ್ವಯಿಸುವ ಮೂರು ಮಾತು. ಯಾವ ಮದ್ದನ್ನೇ ಆಗಲಿ ಮೊದಲು ಒಳಹೊಲಿಗೆಯ ಅಂಚಿಗೆ ಒಂದು ಹನಿ ಹಾಕಿ ಬಣ್ಣ ಹೋಗುತ್ತದೆಯೇ ನೋಡಿ. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಮಾಡಬೇಡಿ, ಇಸ್ತ್ರಿಯ ಕಾವು ಕಲೆಯನ್ನು ಕೂರಿಸುತ್ತದೆ. ನೀಲಿ ಹಾಕಿದರೆ ಕಲೆ ಹೋಗುವುದಿಲ್ಲ. ಬಟ್ಟೆಯ ಹಳದಿ ಛಾಯೆ ಕಣ್ಣಿಗೆ ಕಾಣದಂತಾಗುತ್ತದೆ, ಅಷ್ಟೆ.

ಪೋಷಕರಲ್ಲಿ ನನ್ನ ಒಂದು ವಿನಂತಿ. ನಾನು ಹೇಳಿದ ಕ್ರಮಗಳಲ್ಲಿ ಮುಖ್ಯವಾದ ಒಂದು ಪದ 'ಕೂಡಲೇ'. ಹಸಿ ಕಲೆ ಬೇಗ ಹೋಗುತ್ತದೆ, ಹಳೆಯದು ಹೋಗುವುದು ಕಷ್ಟ. ಆದರೆ ಬೈಗುಳಕ್ಕೆ ಹೆದರುವ ಮಗು ಏನು ಮಾಡುತ್ತದೆ? ಶಾಯಿಯಾದ ಅಂಗಿಯನ್ನು ಬಟ್ಟೆಗಳ ಅಡಿಯಲ್ಲಿ ಮುಚ್ಚಿಡುತ್ತದೆ. ಮೂರು ದಿನದ ಮೇಲೆ ಅದು ನಿಮ್ಮ ಕೈಗೆ ಸಿಗುವಾಗ ಯಾವ ಮದ್ದೂ ಸುಲಭವಾಗಿ ಕೆಲಸ ಮಾಡುವುದಿಲ್ಲ. ಮಗು ಮನೆಗೆ ಬಂದ ಕೂಡಲೇ "ಅಮ್ಮಿ, ಇಲ್ಲಿ ಕಲೆಯಾಗಿದೆ" ಎಂದು ಹೇಳುವ ಧೈರ್ಯ ನೀವು ಕೊಟ್ಟರೆ ಅರ್ಧ ಕಲೆ ಅಲ್ಲಿಗೇ ಹೋದಂತೆ. "ಯಾಕೆ ಮಾಡಿಕೊಂಡೆ?" ಎಂದು ಕೇಳುವ ಬದಲು "ಇದು ಯಾವುದರ ಕಲೆ?" ಎಂದು ಕೇಳಿ. ಶಿಕ್ಷಕರಾದ ನಾವೂ ತರಗತಿಯಲ್ಲಿ ಎಲ್ಲರೆದುರು ಮಗುವಿನ ಅಂಗಿಯ ಕಡೆ ಬೆರಳು ತೋರಿಸುವುದು ಬೇಡ.

ವಿದ್ಯಾರ್ಥಿ ಮಿತ್ರರೇ, ಅದರಲ್ಲೂ ಹುಡುಗರೇ, ನಿಮ್ಮ ಬಟ್ಟೆಯ ಕಲೆ ತೆಗೆಯುವುದು ತಾಯಿ, ಅಕ್ಕಂದಿರ ಕೆಲಸ ಮಾತ್ರವಲ್ಲ. ಇಂದು ಕೇಳಿದ್ದನ್ನು ಈ ಭಾನುವಾರ ನಿಮ್ಮದೇ ಅಂಗಿಯ ಮೇಲೆ ಮಾಡಿ ನೋಡಿ.