ಅಕ್ಷರ ಕೊಟ್ಟರೆ ಪದ ಹುಡುಕುವುದು ಹೇಗೆ?

ಒಂದು ಪ್ರಶ್ನೆಯಿಂದ ಆರಂಭಿಸೋಣ. ಕಾಗವಾಡದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಿರಿ: ಕೆ-ಎ-ಜಿ-ಡಬ್ಲ್ಯು-ಎ-ಡಿ. ಈ ಆರು ಅಕ್ಷರಗಳಲ್ಲಿ ಅಂಚೆಗೆ ಸಂಬಂಧಿಸಿದ ಒಂದು ಇಂಗ್ಲಿಷ್ ಪದ ಅಡಗಿದೆ. ಯಾವುದದು? ಯೋಚಿಸುತ್ತಿರಿ, ಉತ್ತರವನ್ನು ಕೊನೆಗೆ ಹೇಳುತ್ತೇನೆ.

ನಾನು ರಾಯಬಾಗ ತಾಲ್ಲೂಕಿನ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಓದಿದವನು. ಎಬಿಸಿಡಿ ಕಲಿತದ್ದು ಐದನೆಯ ಇಯತ್ತೆಯಲ್ಲಿ. ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಾಗ ಬೇರೊಂದು ಊರಿನ ಕಾಲೇಜಿನಲ್ಲಿ ನಡೆದ ಇಂಗ್ಲಿಷ್ ಪದಸ್ಪರ್ಧೆಗೆ ಹೋದೆ. ನನ್ನ ಪಾಲಿಗೆ ಬಂದ ಏಳು ಅಕ್ಷರಗಳಲ್ಲಿ ಎ, ಡಿ, ಐ ಇದ್ದವು, ಕ್ಯೂ ಕೂಡ ಇತ್ತು. ಆದರೆ ಯು ಇರಲಿಲ್ಲ. ಕ್ಯೂ ಹಿಂದೆ ಯು ಬರಲೇಬೇಕೆಂದು ಕಲಿತಿದ್ದ ನಾನು ಸುಮ್ಮನೆ ಕುಳಿತೆ. "ಕನ್ನಡ ಮೀಡಿಯಂ ಏನಪ್ಪಾ?" ಎಂದು ನಿರ್ಣಾಯಕರು ಕೇಳಿದರು. ಸುತ್ತಲಿದ್ದವರು ನಕ್ಕರು. ಎಷ್ಟೋ ವರ್ಷಗಳ ಮೇಲೆ ದೊಡ್ಡ ನಿಘಂಟಿನಲ್ಲಿ ಕ್ಯೂ-ಎ-ಡಿ-ಐ ಎಂಬ ಪದ ಕಣ್ಣಿಗೆ ಬಿತ್ತು. ಅದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿದ್ದ 'ಖಾಜಿ'! ಪದ ನನಗೆ ತಿಳಿದಿತ್ತು, ಹುಡುಕುವ ದಾರಿ ತಿಳಿದಿರಲಿಲ್ಲ. ಆ ದಾರಿಯನ್ನೇ ಇಂದು ನಿಮಗೆ ಹೇಳಲಿದ್ದೇನೆ.

ಮೊದಲು ನಮ್ಮ ತೊಡಕು ಯಾವುದೆಂದು ನೋಡೋಣ. ಕನ್ನಡದ ಪದಬಂಧದಲ್ಲಿ 'ಸ್ತ್ರೀ' ಎಂಬ ಇಡೀ ಅಕ್ಷರ ಒಂದೇ ಮನೆಯಲ್ಲಿ ಕೂರುತ್ತದೆ. ಇಂಗ್ಲಿಷಿನಲ್ಲಿ ಸ್ವರಕ್ಕೊಂದು ಮನೆ, ವ್ಯಂಜನಕ್ಕೊಂದು ಮನೆ. 'ಬ್ಯಾಗ್' ಎಂಬುದು ನಮ್ಮ ಕಿವಿಗೆ ಎರಡು ಅಕ್ಷರ, ಅಲ್ಲಿ ಮೂರು. ಗಡಿಯಲ್ಲಿ ಮರಾಠಿ ಶಾಲೆಗೆ ಹೋಗುವ ನಿಮ್ಮ ಗೆಳೆಯರಿಗೂ ಇದೇ ತೊಡಕು. ಪದವನ್ನು ಬಿಡಿಸಿ ನೋಡುವ ಅಭ್ಯಾಸವಾದರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಅಕ್ಷರಗಳ ಸ್ವಭಾವ. 1930ರ ದಶಕದಲ್ಲಿ ಅಮೆರಿಕದ ಆಲ್‌ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ ಕೆಲಸ ಕಳೆದುಕೊಂಡಿದ್ದಾಗ ಒಂದು ಪದದ ಆಟ ಕಟ್ಟಲು ಹೊರಟರು. ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿದರು. 1948ರಲ್ಲಿ ಸ್ಕ್ರ್ಯಾಬಲ್ ಎಂಬ ಹೆಸರು ಪಡೆದದ್ದು ಅದೇ ಆಟ. ಅದರ 100 ಬಿಲ್ಲೆಗಳಲ್ಲಿ ಇ 12 ಇವೆ, ಒಂದಕ್ಕೆ ಒಂದೇ ಅಂಕ. ಕ್ಯೂ ಮತ್ತು ಝಡ್ ಒಂದೊಂದೇ ಇವೆ, ಪ್ರತಿಯೊಂದಕ್ಕೂ 10 ಅಂಕ. ಎಸ್ ಇರುವುದು ನಾಲ್ಕು ಮಾತ್ರ. ಹೆಚ್ಚಿದ್ದರೆ ಎಲ್ಲ ಪದಕ್ಕೂ ಬಹುವಚನ ಅಂಟಿಸಿ ಅಂಕ ಗಳಿಸಬಹುದಿತ್ತಲ್ಲವೇ?

ಈಗ ಲೆಕ್ಕಕ್ಕೆ ಬರೋಣ. ಬೇರೆ ಬೇರೆ ಏಳು ಅಕ್ಷರಗಳನ್ನು 5040 ಬಗೆಯಲ್ಲಿ ಜೋಡಿಸಬಹುದು. ಅಷ್ಟನ್ನೂ ಪರೀಕ್ಷಿಸುತ್ತ ಕೂತರೆ ಆಟ ಮುಗಿದುಹೋಗುತ್ತದೆ. ನಿಮ್ಮ ಬಳಿ ಎ, ಡಿ, ಇ, ಜಿ, ಐ, ಎನ್, ಆರ್ ಇವೆ ಎನ್ನಿ. ಇಂಗ್ಲಿಷ್ ಪದಗಳಿಗೆ ಬಾಲವಾಗಿ ಬರುವ ಐ-ಎನ್-ಜಿ ಬದಿಗಿಡಿ. ಉಳಿದದ್ದು ನಾಲ್ಕು ಅಕ್ಷರ, ಜೋಡಣೆ 24 ಮಾತ್ರ. ಆರ್-ಇ-ಎ-ಡಿ, 'ರೀಡ್' ಸಿಕ್ಕಿತು. ಬಾಲ ಸೇರಿಸಿದರೆ 'ರೀಡಿಂಗ್'. ಈ ಸಲ ಇ-ಡಿ ಎಂಬ ಬಾಲವನ್ನು ಬದಿಗಿಡಿ. ಉಳಿದ ಐದರಲ್ಲಿ 'ಗ್ರೇನ್' ಇದೆ. ಬಾಲ ಸೇರಿಸಿದರೆ 'ಗ್ರೇನ್ಡ್'. ಅವೇ ಏಳು ಅಕ್ಷರ, ಎರಡು ಪದ!

ಜೋಡಿಗಳನ್ನೂ ಗಮನಿಸಿ. ಸಿ-ಎಚ್ ಪದದ ಮೊದಲಿಗೂ ಬರುತ್ತದೆ, ಕೊನೆಗೂ ಬರುತ್ತದೆ. ಸಿ-ಕೆ ಸಾಮಾನ್ಯವಾಗಿ ಕೊನೆಗೆ ಅಥವಾ ನಡುವೆ ಬರುತ್ತದೆ, ಮೊದಲಿಗೆ ಬರುವುದಿಲ್ಲ. ಎ, ಇ, ಐ, ಓ, ಯು ಒಂದೂ ಇಲ್ಲದಿದ್ದರೆ ಹೆದರಬೇಡಿ, ವೈ ಇದೆಯೇ ನೋಡಿ. 'ಮಿಥ್', 'ಹಿಮ್', 'ರಿದಮ್' ಪದಗಳು ವೈ ಒಂದರ ಆಸರೆಯಲ್ಲೇ ನಿಂತಿವೆ.

ಮೂರನೆಯ ಉಪಾಯಕ್ಕೆ ಒಂದು ನೋಟ್‌ಬುಕ್ ಸಾಕು. ಪ್ರತಿ ಹೊಸ ಪದದ ಅಕ್ಷರಗಳನ್ನು ಎಬಿಸಿಡಿ ಕ್ರಮದಲ್ಲಿ ಜೋಡಿಸಿ, ಅದರ ಮುಂದೆ ಪದವನ್ನು ಬರೆಯಿರಿ. ರಾಯಬಾಗದ ಹೆಸರಿನಿಂದ ಎ, ಬಿ, ಜಿ, ಆರ್ ತೆಗೆದುಕೊಳ್ಳಿ. ಆ ಸಾಲಿನಲ್ಲಿ 'ಗ್ರ್ಯಾಬ್' ಅಂದರೆ ಕಸಿದುಕೊಳ್ಳು, 'ಬ್ರ್ಯಾಗ್' ಅಂದರೆ ಜಂಬ ಕೊಚ್ಚು, 'ಗಾರ್ಬ್' ಅಂದರೆ ಉಡುಪು, ಮೂರೂ ಒಟ್ಟಿಗೆ ಕೂರುತ್ತವೆ. ಕೊಟ್ಟ ಅಕ್ಷರಗಳ ಪದ ಹುಡುಕಲು ಕಂಪ್ಯೂಟರಿಗೂ ಇದೇ ಉಪಾಯವನ್ನು ಕಲಿಸುತ್ತಾರೆ. ಚಿಕ್ಕೋಡಿಯನ್ನು ಎರಡು ಕೆ ಹಾಕಿ ಬರೆದರೆ 'ಕಿಕ್' ಸಿಗುತ್ತದೆ, ರೈಲು ನಿಲ್ದಾಣದ ಹಲಗೆಯ ಹಾಗೆ ಒಂದೇ ಕೆ ಬರೆದರೆ ಸಿಗುವುದಿಲ್ಲ. ಊರಿನ ಹೆಸರು ಆಟದಲ್ಲಿ ಸಲ್ಲುವುದಿಲ್ಲ. ಅದರೊಳಗಿನ ಪದಗಳು ಸಲ್ಲುತ್ತವೆ.

ಕೊನೆಯದಾಗಿ, ನಿಮ್ಮ ಮನೆಯ ಮಾತನ್ನು ಮರೆಯಬೇಡಿ. ನಿಪ್ಪಾಣಿಯ ತಂಬಾಕು ಎಂದೊಡನೆ ನೆನಪಾಗುವ 'ಬೀಡಿ' ಇಂಗ್ಲಿಷ್ ನಿಘಂಟಿನಲ್ಲಿ ಬಿ-ಐ-ಡಿ-ಐ ಎಂದು ಕೂತಿದೆ. ಕಬ್ಬಿನ ಸೀಮೆಯವರಾದ ನಮಗೆ ಬೆಲ್ಲ ಗೊತ್ತಿಲ್ಲವೇ? ಅದರ ಇಂಗ್ಲಿಷ್ ಹೆಸರು 'ಜ್ಯಾಗರಿ', ಜೆ-ಎ-ಜಿ-ಜಿ-ಇ-ಆರ್-ವೈ. ಅದು ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋದದ್ದು. ನಮ್ಮ 'ಸಕ್ಕರೆ'ಯ ಬೇರೂ ಅದರ ಬೇರೂ ಸಂಸ್ಕೃತದ 'ಶರ್ಕರಾ'. ಸ್ಕ್ರ್ಯಾಬಲ್‌ನಲ್ಲಿ ಈ ಪದಕ್ಕೆ 19 ಅಂಕ. ಏಳೂ ಬಿಲ್ಲೆಗಳನ್ನು ಒಂದೇ ಸರದಿಯಲ್ಲಿ ಇಟ್ಟರೆ ಇನ್ನೂ 50 ಅಂಕ ಸೇರಿ, ಹಲಗೆಯ ಮನೆಗಳ ಲೆಕ್ಕ ಬಿಟ್ಟು, 69 ಆಗುತ್ತದೆ. ಒಂದು ಎಚ್ಚರಿಕೆ: ಎಲ್ಲ ನಿಘಂಟುಗಳಲ್ಲಿ ಎಲ್ಲ ಪದಗಳೂ ಇರುವುದಿಲ್ಲ. ಯಾವ ನಿಘಂಟು ಪ್ರಮಾಣವೆಂದು ಆಟಕ್ಕೆ ಮೊದಲೇ ಕೇಳಿಕೊಳ್ಳಿ.

ಈಗ ಕಾಗವಾಡದ ಉತ್ತರ. ಡಿ-ಎ-ಕೆ, 'ಡಾಕ್'. ಡಾಕ್ ಬಂಗ್ಲೆಯಲ್ಲಿರುವ ಅದೇ ಪದ. ಡಿ-ಎ-ಡಬ್ಲ್ಯು-ಕೆ ಎಂದೂ ಬರೆಯುತ್ತಾರೆ, ಆಗ ಅಂಕ ಇನ್ನೂ ಹೆಚ್ಚು.

ನಿಮಗೊಂದು ಮನೆಗೆಲಸ. ಅಥಣಿಯ ಹೆಸರಿನಲ್ಲಿ ಎ-ಟಿ-ಎಚ್-ಎ-ಎನ್-ಐ ಎಂದು ಆರು ಅಕ್ಷರಗಳಿವೆ. 'ಥಿನ್', 'ಹಿಂಟ್' ಎರಡನ್ನು ನಾನೇ ಹೇಳಿದ್ದೇನೆ, ಉಳಿದವನ್ನು ನೀವು ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. "ಕನ್ನಡ ಮೀಡಿಯಂ ಏನಪ್ಪಾ?" ಎಂದು ಯಾರಾದರೂ ಕೇಳಿದರೆ ನನ್ನ ಹಾಗೆ ತಲೆ ತಗ್ಗಿಸಬೇಡಿ. "ಹೌದ್ರಿ" ಎಂದು ಹೇಳಿ ನಿಮ್ಮ ಪದವನ್ನು ಹಲಗೆಯ ಮೇಲೆ ಇಡಿ.