ಕಡಲನ್ನಳೆಯುವ ಕೋಲು

ಬೆಳ್ತಂಗಡಿಯ ಘಟ್ಟದ ನೆತ್ತಿಯಾಗಲಿ, ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಅಂಗಳವಾಗಲಿ, ಭೂಪಟವು ಅದರ ಎತ್ತರವನ್ನು ಎಣಿಸುವುದು ಕಡಲಿನಿಂದ. 1909ರಲ್ಲಿ ಈ ಲೆಕ್ಕಕ್ಕೆ ಆಧಾರವಾದದ್ದು ಒಂಬತ್ತು ಬಂದರುಗಳ ಅಳತೆಗೋಲು. ನಮಗೆ ಉತ್ತರದ ಕಾರವಾರ, ದಕ್ಷಿಣದ ಬೇಪೂರು ಅವುಗಳಲ್ಲಿ ಸೇರಿದ್ದವು. ಈಗ ಆ ಕಡಲೇ ಏರುತ್ತಿದೆ. 1923ರ, 1974ರ ನೆರೆಗಳನ್ನು ಕಂಡ ಬಂಟ್ವಾಳಕ್ಕೆ, ನೇತ್ರಾವತಿ ಸೇರುವ ನೀರಿನ ಮಟ್ಟ ದೂರದ ಸುದ್ದಿಯಲ್ಲ.

ಬಂದರಿನ ಕೋಲಿಗೆ ಒಂದು ದೋಷವುಂಟು: ನೆಲ ಕುಸಿದರೆ ಅದೂ ಕುಸಿಯುತ್ತದೆ. ಆದುದರಿಂದ ಉಪಗ್ರಹ. ಅದರ ರೇಡಾರ್ ಅಲೆಯೊಂದನ್ನು ಕೆಳಗೆ ಕಳುಹಿಸಿ, ಅದು ಮರಳುವ ಹೊತ್ತನ್ನು ಎಣಿಸುತ್ತದೆ. ಸೆಕೆಂಡಿನ ಸಾವಿರದೈನೂರು ಕೋಟಿಯಲ್ಲೊಂದು ಪಾಲು ತಪ್ಪಿದರೆ ಕಡಲು ಒಂದು ಸೆಂಟಿಮೀಟರ್ ತಪ್ಪುತ್ತದೆ. ನಮ್ಮ ಮಳೆಗಾಲದ ತೇವವೂ ಅಲೆಯನ್ನು ತಡೆದು ಕಡಲನ್ನು ತಗ್ಗಿಸಿ ತೋರಿಸುತ್ತದೆ, ಅದನ್ನೂ ಕಳೆಯಬೇಕು.

ಕಳೆಯುವವರೂ ಎಡವುತ್ತಾರೆ. 1992ರಲ್ಲಿ ಹಾರಿದ ಟೋಪೆಕ್ಸ್-ಪೊಸೈಡನ್ ಉಪಗ್ರಹದ ಗಡಿಯಾರವನ್ನು ತಿದ್ದುವ ಸೂತ್ರದಲ್ಲೇ ತಪ್ಪು ಇದ್ದುದು 1996ರಲ್ಲಿ ಬೆಳಕಿಗೆ ಬಂತು. ವ್ಯತ್ಯಾಸ ಸುಮಾರು 13 ಸೆಂಟಿಮೀಟರ್! ಕಡಲು ಏರುವ ವೇಗವೂ ಇದ್ದುದಕ್ಕಿಂತ ಹೆಚ್ಚಾಗಿ ಕಂಡಿತ್ತು. ಸಂಶಯ ಮೂಡಿಸಿದ್ದು ನೀರಿನಲ್ಲಿ ನಿಂತ ಹಳೆಯ ಬಗೆಯ ಕೋಲುಗಳೇ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

2013ರ ಫೆಬ್ರವರಿ 25ರಂದು ಭಾರತ ಮತ್ತು ಫ್ರಾನ್ಸ್ ಸೇರಿ ಹಾರಿಸಿದ ಸರಳ್ ಉಪಗ್ರಹಕ್ಕೆ ಇಂಥ ಪರೀಕ್ಷೆ ನಡೆದದ್ದು ಲಕ್ಷದ್ವೀಪದ ಕವರತ್ತಿಯಲ್ಲಿ. ಅಗಲವಾದ ನೆಲದ ಪಕ್ಕದಲ್ಲಿ ರೇಡಾರಿನ ಮಾರ್ದನಿ ಕೆಡುತ್ತದೆ. ಹವಳದ ಕಿರುದ್ವೀಪದಲ್ಲಿ ಆ ತೊಂದರೆ ಕಡಿಮೆ. ಸುಮಾರು 800 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಹಾದುಹೋಗುವ ಕ್ಷಣಕ್ಕೆ, ಕೆಳಗಿನ ಕೋಲು ತೋರಿದ ಮಟ್ಟವನ್ನು ಅದರ ಅಳತೆಯೊಡನೆ ಇಟ್ಟು ನೋಡಿದರು.