ಯಾರ ಕಡೆಯವರು ನೀವು?

ಮಕ್ಕಳೇ, ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿಯ ಗೇಟಿನಲ್ಲಿ ನಾವೂ ನೀವೂ ಕಾವಲಿಗೆ ನಿಂತಿದ್ದೇವೆ ಅಂದುಕೊಳ್ಳೋಣ. ಒಂದು ಬಸ್ಸು ಬಂತು. "ಭದ್ರಾವತಿಯ ಶಾಲೆಯವರು ನಾವು, ಗೇಟು ತೆಗೀರಿ" ಅಂದರು. ನಂಬೋಣವೇ?

ಬಾಯಲ್ಲಿ ಯಾವ ಹೆಸರನ್ನಾದರೂ ಹೇಳಬಹುದು. ಬಸ್ಸಿನ ನಂಬರು ಮಾತ್ರ ನಮ್ಮ ಕಣ್ಣೆದುರೇ ಇದೆ: ಕೆಎ-14, ಮುಂದೆ ಇನ್ನಷ್ಟು ಅಂಕಿ. ಆ ಶಾಲೆಗೇ ಫೋನ್ ಮಾಡಿ, "ಈ ನಂಬರಿನ ಬಸ್ಸು ನಿಮ್ಮದೇನಾ?" ಅಂತ ಕೇಳಿದರಾಯಿತು.

ಇಮೇಲ್ ಲೋಕದಲ್ಲೂ ಇಂಥ ಗೇಟುಗಳಿವೆ. ಪತ್ರಗಳನ್ನು ಸಾಗಿಸುವ ಕಂಪ್ಯೂಟರಿಗೆ ಮೇಲ್ ಸರ್ವರ್ ಅನ್ನುತ್ತಾರೆ. ಒಂದು ಸರ್ವರ್ ಇನ್ನೊಂದರ ಬಾಗಿಲಿಗೆ ಬಂದಾಗ ಮೊದಲು ಹಲೋ ಹೇಳಿ, ತನ್ನ ಹೆಸರು ತಿಳಿಸಬೇಕು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ನಿಯಮದಲ್ಲೇ ಈ ಪದ್ಧತಿ ಇದೆ.

ಬಂದವರ ಐಪಿ ವಿಳಾಸವೇ ಇಲ್ಲಿ ಬಸ್ಸಿನ ನಂಬರು. ಯಾವ ಹೆಸರಿಗೆ ಯಾವ ನಂಬರು ಅಂತ ಹೇಳುವ ವ್ಯವಸ್ಥೆಯೂ ಇಂಟರ್ನೆಟ್ಟಿನಲ್ಲಿದೆ, ಅದು ಡಿಎನ್ಎಸ್. ಒಳಗಿನ ಸರ್ವರ್ ಅದನ್ನು ಕೇಳಿ, ಹೆಸರೂ ನಂಬರೂ ಹೊಂದುತ್ತವೆಯೇ ಅಂತ ನೋಡಬಲ್ಲದು. ಪತ್ರವನ್ನು ಇನ್ನೂ ಬಿಚ್ಚಿಯೇ ಇಲ್ಲ, ನೋಡಿ!

ಬೇಡದ ಪತ್ರಗಳನ್ನು ರಾಶಿ ರಾಶಿ ಕಳಿಸುವ ಕೆಲವರು ಇಲ್ಲೇ ಸಿಕ್ಕಿಬೀಳುತ್ತಾರೆ. ಕೆಲವರಂತೂ ಒಳಗಿರುವ ಸರ್ವರಿನ ಹೆಸರನ್ನೇ ತಮ್ಮದು ಅಂತಾರೆ! ಹೊರಗಿನಿಂದ ಬಂದ ಬಸ್ಸಿನವರು ನಮ್ಮ ಮುಖ ನೋಡಿ, "ಈ ಗೇಟಿನ ಕಾವಲುಗಾರರು ನಾವೇ" ಅಂದ ಹಾಗಾಯಿತು. ನಗು ಬರುತ್ತದಲ್ಲವೇ? ಅಂಥವರಿಗೆ ಸರ್ವರ್ 550 ಎಂಬ ಸಂಖ್ಯೆ ಕೊಟ್ಟು ವಾಪಸ್ ಕಳಿಸಬಹುದು. ಪತ್ರ ಒಲ್ಲೆ ಅಂತ ಅದರ ಅರ್ಥ.

ಆದರೆ ಹೆಸರು, ನಂಬರು ಹೊಂದಲಿಲ್ಲ ಅಂದಮಾತ್ರಕ್ಕೆ ಎಲ್ಲರೂ ಮೋಸಗಾರರಲ್ಲ. ಶಾಲೆಯವರು ಬಾಡಿಗೆ ಬಸ್ಸಿನಲ್ಲೂ ಬಂದಿರಬಹುದಲ್ಲ! ಅದಕ್ಕೇ ಅಷ್ಟರಿಂದಲೇ ಪತ್ರ ನಿರಾಕರಿಸಬಾರದು ಎನ್ನುತ್ತದೆ ನಿಯಮ. ಜಾಣ ಸರ್ವರ್ ಬೇರೆ ಗುರುತುಗಳನ್ನೂ ಕೂಡಿಸಿ ನೋಡುತ್ತದೆ.

ನೀವೂ ಪತ್ತೇದಾರಿಕೆ ಮಾಡಬಹುದು. ಮನೆಯ ದೊಡ್ಡವರ ಜೊತೆ ಕೂತು ಒಂದು ಇಮೇಲಿನ ಮೂಲರೂಪ ತೆರೆಯಿರಿ. 'ರಿಸೀವ್ಡ್' ಅಂತ ಶುರುವಾಗುವ ಸಾಲುಗಳಿರುತ್ತವೆ. ಬಂದ ಸರ್ವರ್ ಹೇಳಿಕೊಂಡ ಹೆಸರು, ಪಕ್ಕದ ಕಂಸದಲ್ಲಿ ಅದರ ನಂಬರು ಹಲವು ಸಲ ಅಲ್ಲೇ ಕಾಣುತ್ತವೆ. ಮೊದಲು ಯಾವ ಪತ್ರ ತೆರೆಯುತ್ತೀರಿ?